ಮೊಬೈಲ್‌ನಾಗೆ ಹೋಗಿ ಬಾ

“ಮೊಬೈಲ್‌ನಾಗೆ ಕರದಾರೆ, ಮೊಬೈಲ್‌ನಾಗೇ ಹೋಗಿ ಬಾ” ಅಂದರು ನಮ್ಮತ್ತೆ. ಸಂಡಿಗೆ ಇಡುತ್ತಾ ಕೂತಿದ್ದವರು ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. ನನಗೆ ಅಂಗಾಲಿನಿಂದ ನೆತ್ತಿವರೆಗೆ ಉರಿದುಹೋಯಿತು. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಒಳಗೆ ಹೋಗಿ ಕುಕ್ಕರಿನ ಮುಚ್ಚಳವನ್ನು ಕಟ್ಟೆಯ ಮೇಲೆ ಕುಕ್ಕಿದೆ. ಅದರ ಹಿಡಿ ಇವತ್ತಿಗೂ ಅಲ್ಲಾಡುತ್ತದೆ.

ಆಗಿದ್ದು ಇಷ್ಟೇ. ಜಗಳೂರಿನಲ್ಲಿ ನಮ್ಮಣ್ಣ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಕಾರ್ಡಿನ ಫೋಟೋವನ್ನು ನಮ್ಮ ಮನೆಯ ಎಲ್ಲರ ಫೋನಿಗೂ ಕಳಿಸಿ, “ಎಲ್ರೂ ಬಂದ್ಬಿಡ್ರಿ” ಅಂತ ಒಂದು ವಾಯ್ಸ್ ಮೆಸೇಜು ಹಾಕಿದ. ಸ್ವಂತ ತಂಗಿ ಮನೆ, ಅದಕ್ಕೆಂಥಾ ಉಪಚಾರ ಅಂದುಕೊಂಡಿದ್ದನಂತೆ. ನಮ್ಮ ಕಡೆ ಅದು ನಡೆಯೋದಿಲ್ಲ. ಬೀಗರನ್ನು ಕರೆಯೋದು ಅಂದರೆ ಮನೆಗೇ ಬರಬೇಕು, ಕುಂಕುಮ ಕೊಡಬೇಕು, ಕೈಗೆ ಅಕ್ಷತೆ ಹಾಕಬೇಕು. ಅದರಲ್ಲೂ ಕೊಟ್ಟ ಹೆಣ್ಣುಮಗಳು ತವರಿನವರು ಬಂದು ಕರೆಯದೆ ತವರಿನ ಹೊಸ್ತಿಲು ತುಳಿಯುವ ಹಾಗಿಲ್ಲ. ಅಣ್ಣ ಊರೂರು ಸುತ್ತಿ ಎಲ್ಲರನ್ನೂ ಕರೆದು ಬಂದವನು ನ್ಯಾಮತಿಗೆ ಮಾತ್ರ ಬರಲಿಲ್ಲ. ಸ್ವಂತದವಳು ಅನ್ನೋ ಸಲಿಗೆಯೇ ನನ್ನ ಕುತ್ತಿಗೆಗೆ ಬಂತು.

ನಮ್ಮತ್ತೆಯವರು ಯಾರೂ ಹೋಗಲಿಲ್ಲ, ನನ್ನನ್ನೂ ಕಳಿಸಲಿಲ್ಲ. ಆಮೇಲೆ ಅಣ್ಣನಿಗೆ ಸಿಟ್ಟು ಬಂತು. “ನನ್ನ ಮನೆ ಹೊಸ್ತಿಲು ತುಳೀದೋರ ಮನೆಗೆ ನಾನ್ಯಾಕೆ ಕುಂಕುಮದ ಬಟ್ಟಲು ಹಿಡ್ಕಂಡು ಹೋಗ್ಲಿ?” ಅಂದ. ಇಲ್ಲಿ ನಮ್ಮತ್ತೆ, “ಕರೆಯಾಕೆ ಬರ್ಲಿ, ಆಮೇಲೆ ನೋಡಾನ” ಅಂದರು. ಇಬ್ಬರೂ ಮರ್ಯಾದಸ್ತರೇ. ನಡುವೆ ನಾನು.

ನಮ್ಮನೆಯವರನ್ನು ಕೇಳಿದೆ. ಪಂಪ್‌ಸೆಟ್ಟು, ಪೈಪು, ಬೀಜ, ಗೊಬ್ಬರದ ಅಂಗಡಿ ನಮ್ಮದು. ನ್ಯಾಮತಿ ತಾಲ್ಲೂಕು ಆದಮೇಲೆ ವ್ಯಾಪಾರ ಜೋರು. ಅವರು ಪೈಪಿಗೆ ಅಳತೆ ಹಿಡಿದುಕೊಂಡೇ, “ಹೆಂಗಸ್ರು ಹೆಂಗಸ್ರು ಮಾತಾಡ್ಕಳ್ರಿ, ನನ್ನ ನಡುವೆ ತರಬ್ಯಾಡ” ಅಂದರು. ಪುಣ್ಯಾತ್ಮ! ಯಾರ ನಡುವೆಯೂ ಬರೋದಿಲ್ಲ ಅನ್ನೋದೇ ಅವರ ಒಳ್ಳೆಯತನ. ಊರೆಲ್ಲ ಅವರನ್ನು ಹೊಗಳುತ್ತದೆ.

ಮನೆ ಇರೋದು ಅಂಗಡಿಯ ಹಿಂದೆ. ಹಿತ್ತಲಿಗೆ ಗೋಡೆ. ಹೊರಗೆ ಹೋಗಬೇಕಂದರೆ ಅಂಗಡಿಯೊಳಗಿಂದಲೇ ಹೋಗಬೇಕು. ಕರಿಬೇವು ತರೋಕೆ ಹೊರಟರೂ ಗಲ್ಲಾಪೆಟ್ಟಿಗೆ ಮುಂದೆ ನಮ್ಮನೆಯವರು, ಬೆಂಚಿನ ಮೇಲೆ ಡ್ರಿಪ್ ಪೈಪಿಗೆ ಬಂದ ರೈತರು, “ಎಲ್ಲಿಗೆ ಹೊಂಟ್ರಿ ಅಕ್ಕಾರೇ?” ಅನ್ನೋರು. ಹೊಡೆಯೋರಿಲ್ಲ, ಬಡಿಯೋರಿಲ್ಲ, ಹೊಟ್ಟೆ ತುಂಬ ಊಟ ಇದೆ. ಹೀಗಾಗಿ ನನಗೆ ಉಸಿರು ಕಟ್ಟುತ್ತದೆ ಅಂದರೆ ನಂಬೋರೂ ಇರಲಿಲ್ಲ.

ಜಗಳ ಜಗಳವಾಗಿಯೇ ಇದ್ದಿದ್ದರೆ ನಾನು ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ. ಆದರೆ ಅವ್ವನ ಕಣ್ಣು ಹೋಗುತ್ತಿತ್ತು. ಸಕ್ಕರೆ ಕಾಯಿಲೆ. ಒಂದು ಕಣ್ಣು ಆಗಲೇ ಮಂಜಾಗಿ ಹೋಗಿತ್ತು, ಇನ್ನೊಂದೂ ಅದೇ ದಾರಿ ಹಿಡಿದಿದೆ ಅಂತ ದಾವಣಗೆರೆಯ ಡಾಕ್ಟರು ಹೇಳಿದ್ದರು. “ಪೂರ್ತಿ ಕತ್ತಲಾಗೋದ್ರಾಗೆ ನಿನ್ನ ಮಕ ಒಂದ್ಸಲ ನೋಡಿಬಿಡ್ತೀನಿ, ಬಾರವ್ವಾ” ಅಂದಳು ಫೋನಿನಲ್ಲಿ. ಅಷ್ಟೇ ನನಗೆ ಬೇಕಿದ್ದದ್ದು. ಅವಳ ಎದುರಿಗೆ ಹೋಗಿ ಒಂದು ಸಲ ಕೂರೋದು.

ವಿಡಿಯೋ ಕಾಲ್ ಇಲ್ಲವಾ ಅಂತ ಕೇಳಬಹುದು. ಇತ್ತು. ಅವ್ವ ಫೋನು ಹಿಡಿದರೆ ನನಗೆ ಕಾಣುತ್ತಿದ್ದದ್ದು ಹೊಸ ಮನೆಯ ಫ್ಯಾನು. ಇಲ್ಲಿ ನಾನು ಬಾಯಿ ತೆಗೆದರೆ ಅಡುಗೆಮನೆ, ದೇವರಮನೆ, ಅಂಗಡಿ ಎಲ್ಲಕ್ಕೂ ಕಿವಿ. ಇಬ್ಬರೂ ಅತ್ತು ಫೋನು ಇಡೋದೇ ಆಗುತ್ತಿತ್ತು.

ಆಗ ನನ್ನ ತಂಗಿ ಒಂದು ದಾರಿ ಹುಡುಕಿದಳು. ಜಗಳೂರಿನಲ್ಲೇ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಾಳೆ, ಇನ್ನೂ ಮದುವೆ ಆಗಿಲ್ಲ, ಆಟದ ಹುಚ್ಚು ವಿಪರೀತ. ನಾನು ಅವಳಿಗೆ ಅತ್ತೆಯ ಮಾತು ಹೇಳಿ ಗೋಳೋ ಅಂದರೆ ಈ ಕತ್ತೆ ನಕ್ಕುಬಿಟ್ಟಳು. “ಸರಿಯಾಗೇ ಹೇಳ್ಯಾರಲ್ಲಕ್ಕಾ. ಮೊಬೈಲ್‌ನಾಗೇ ಬಾ” ಅಂದಳು. ನನ್ನ ಫೋನಿಗೆ ಒಂದು ಆಟ ಹಾಕಿಸಿದಳು. ಅದರಲ್ಲಿ ಎಲ್ಲವೂ ಚೌಕ. ಮರ ಚೌಕ, ಮೋಡ ಚೌಕ, ದನವೂ ಚೌಕ. ಗೆಲ್ಲೋದು ಸೋಲೋದು ಏನಿಲ್ಲ, ನೆಲ ಅಗೆಯಬೇಕು, ಬಂದ ಕಲ್ಲು ಮಣ್ಣಿನಲ್ಲಿ ಬೇಕಾದ್ದು ಕಟ್ಟಬೇಕು. ಅದರೊಳಗೆ ಅವಳು ಅಣ್ಣನ ಹೊಸ ಮನೆಯನ್ನು ಹಂಗೇ ಎಬ್ಬಿಸಿದ್ದಳು. ನೀಲಿ ಗೇಟು, ಮುಂದೆ ತುಳಸಿಕಟ್ಟೆ, ಪಡಸಾಲೆಯಲ್ಲಿ ಅವ್ವನ ಕುರ್ಚಿ.

ನಾನು ಮೊದಲು ಇಳಿದದ್ದು ಎಲ್ಲೋ ಸಮುದ್ರದ ದಂಡೆಯಲ್ಲಿ. ಜಗಳೂರಿನ ಮನೆ ಆ ಕಡೆ ದಡದಲ್ಲಿ. ನಡೆದು ಹೋಗಾಕೆ ಆಗೋದಿಲ್ಲ. ಸೇತುವೆ ಕಟ್ಟೋಕೆ ಕಲ್ಲು ಬೇಕು ಅಂತ ನಿಂತಲ್ಲೇ ಅಗೆದೆ, ಅಗೆದೆ, ದಬಕ್ಕಂತ ಬಿದ್ದೆ. ಸುತ್ತ ಕಗ್ಗತ್ತಲು, ನಾಲ್ಕೂ ಕಡೆ ಗೋಡೆ, ಹಾರಿದರೆ ತಲೆ ತಾಗುತ್ತದೆ. “ಥೂ ನಿನ್ನ, ಇಲ್ಲೂ ಅದೇ ಹಣೆಬರಹನಾ!” ಅಂತ ಜೋರಾಗಿ ಬೈದೆ. ಅತ್ತೆ ದೇವರಮನೆಯಿಂದ, “ಯಾರಿಗೇ ಅದು?” ಅಂದರು. “ಹಲ್ಲಿಗೆ” ಅಂದೆ.

ತಂಗಿಗೆ ಹೇಳಿದಾಗ ಅವಳು ಆ ಆಟಕ್ಕೆ ಒಂದು ಮಾಡ್ ಸೇರಿಸಿದಳು. ಮಾಡ್ ಅಂದರೆ ಆಟ ಮಾಡಿದವರು ಕೊಡದೇ ಇದ್ದದ್ದನ್ನು ಬೇರೆ ಯಾರೋ ಬರೆದು ಹೊಲಿಗೆ ಹಾಕಿರೋದಂತೆ. ಇದನ್ನು ಹಾಕಿದರೆ ಒಬ್ಬರು ಇದ್ದ ಕಡೆ ಇನ್ನೊಬ್ಬರು ಕಣ್ಣು ಮಿಟುಕಿಸೋದರಲ್ಲಿ ಹೋಗಿ ನಿಲ್ಲಬಹುದು. ಬಸ್ಸಿಲ್ಲ, ಸೇತುವೆಯಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ. ನಾನು ‘ಬರ್ಲಾ’ ಅನ್ನೋ ಗುಂಡಿ ಒತ್ತಬೇಕು. ಜಗಳೂರಿನಲ್ಲಿ ಅವರ ಫೋನಿಗೆ ಸುದ್ದಿ ಹೋಗುತ್ತದೆ. ಅವರು ‘ಬಾ’ ಒತ್ತಿದರೆ ನಾನು ಅಲ್ಲಿರುತ್ತೇನೆ. ಒಂದು ನಿಮಿಷದಲ್ಲಿ ಒತ್ತದಿದ್ದರೆ ‘ಒಪ್ಪಿಗೆ ಸಿಗಲಿಲ್ಲ’ ಅಂತ ಬರುತ್ತದೆ, ನಾನು ಬಿದ್ದ ಹಳ್ಳದಲ್ಲೇ ಇರಬೇಕು.

ಮೊದಲನೇ ಸಲ ಹೋದದ್ದು ಮರೆಯೋಕೆ ಆಗೋದಿಲ್ಲ. ಕತ್ತಲಲ್ಲಿ ನಿಂತಿದ್ದೆ, ಝಗ್ ಅಂತ ಬೆಳಕಾಯಿತು, ಎದುರಿಗೆ ನೀಲಿ ಗೇಟು. ನಾನು ಕಾಣದ ನಮ್ಮಣ್ಣನ ಮನೆ. ಆ ಆಟದಲ್ಲಿ ಹತ್ತಿರ ಹೋದರೆ ಮಾತೂ ಕೇಳಿಸುತ್ತದೆ. ಇಯರ್‌ಫೋನು ಹಾಕಿಕೊಂಡು, ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಕೂತು, ಪಿಸುದನಿಯಲ್ಲಿ “ಅವ್ವಾ” ಅಂದೆ. ತಂಗಿ ಫೋನನ್ನು ಅವ್ವನ ಉಳಿದ ಕಣ್ಣಿನ ಹತ್ತಿರ ಹಿಡಿದಿರಬೇಕು. ಅವ್ವ ಆಟದಲ್ಲಿ ನಾನು ಅಂತ ಇದ್ದ ಚೌಕದ ಗೊಂಬೆಯನ್ನು ಬಹಳ ಹೊತ್ತು ನೋಡಿ, “ಎಷ್ಟು ಸೊರಗ್ಯಾಳೆ ನೋಡೇ! ಅಲ್ಲಿ ಊಟಕ್ಕೆ ಹಾಕ್ತಾರೋ ಇಲ್ಲೋ?” ಅಂದಳು.

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಅಳು ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿತು.

ಅವ್ವನಿಗೆ ವಿಡಿಯೋ ಕಾಲಿಗಿಂತ ಇದೇ ಸರಿಹೋಯಿತು. ಯಾಕವ್ವ ಅಂದರೆ, “ಅದ್ರಾಗೆ ನೀನು ನಿಮ್ಮನೇಲಿ ಇರ್ತಿ, ನಾನು ನಮ್ಮನೇಲಿ. ಇದ್ರಾಗೆ ನೀನು ನಮ್ಮನೇಗೆ ಬರ್ತಿ” ಅಂದಳು. ದಿನಾ ಮಧ್ಯಾಹ್ನ ಊಟವಾಗಿ ಅತ್ತೆ ಅಡ್ಡಾದ ಹೊತ್ತಿಗೆ ನಾನು ಜಗಳೂರಿಗೆ ಹೋಗುತ್ತಿದ್ದೆ. ಅವ್ವ ನನ್ನ ಗೊಂಬೆಯನ್ನು ಕುರ್ಚಿ ಪಕ್ಕ ನಿಲ್ಲಿಸಿಕೊಂಡು ಮಾತಾಡೋಳು. “ಅದೇನು ದಿನಾ ಅದೇ ಹಸಿರು ಅಂಗಿ? ಬೇರೆ ಹಾಕ್ಕೊಳೇ” ಅಂತ ಗದರೋಳು. ತಂಗಿ ಸೆಂಟರಿಗೆ ಹೋಗೋಕೆ ಮುಂಚೆ ಆಟ ತೆರೆದು ಫೋನನ್ನು ಅವ್ವನ ಕೈಗೆ ಕೊಟ್ಟು ಹೋಗೋಳು. ‘ಬಾ’ ಒತ್ತೋದು ಅವ್ವನ ಕೆಲಸ. ಬಲಗಡೆ ಕೆಳಗಿನ ಮೂಲೆಯಲ್ಲಿ ಇರೋ ದೊಡ್ಡ ಗುಂಡಿ.

ಒಂದು ದಿನ ಅವ್ವ ನೀರು ಕುಡಿಯೋಕೆ ಎದ್ದು ಹೋಗಿದ್ದಳಂತೆ. ನಾನು ‘ಬರ್ಲಾ’ ಒತ್ತಿದೆ, ಒಪ್ಪಿಗೆ ಸಿಗಲಿಲ್ಲ. ಮತ್ತೆ ಒತ್ತಿದೆ, ಒಪ್ಪಿಗೆ ಸಿಗಲಿಲ್ಲ. ನನ್ನ ತಲೆ ಕೆಟ್ಟುಹೋಯಿತು. ಸಂಜೆ ತಂಗಿಗೆ ಫೋನು ಮಾಡಿ ಜಾಡಿಸಿದೆ. “ಇಲ್ಲಿ ಅಪ್ಪಣೆ, ಅಲ್ಲೂ ಅಪ್ಪಣೆ! ನನ್ನ ಹುಟ್ಟಿದ ಮನೆಗೆ ಹೋಗಾಕೆ ಎಷ್ಟು ಜನದ ಕಾಲು ಹಿಡೀಲೇ?” ಅಂದೆ. ಅವಳು ತಣ್ಣಗೆ, “ಕೇಳದೇ ಬರೋ ಹಂಗೂ ಮಾಡಬಹುದಕ್ಕಾ. ಮಾಡ್‌ನಾಗೆ ಅದೂ ಐತೆ. ಹಾಕ್ಲೇನು?” ಅಂದಳು. ಹಾಕು ಅಂದೆ. ಅಷ್ಟರಲ್ಲಿ ಹಿಂದಿನಿಂದ ಅವ್ವನ ದನಿ ಬಂತು. “ಬ್ಯಾಡ. ನಾನು ಕರೀತೀನಿ.”

ತಂಗಿ ಏನೋ ಹೇಳಹೋದಳು. ಅವ್ವ ಬಿಡಲಿಲ್ಲ. “ನಿಮ್ಮಣ್ಣ ಕರೆಯಾಕೆ ಹೋಗವಲ್ಲ. ನನಗೆ ಬಸ್ ಬೋರ್ಡು ಕಾಣಾಕಿಲ್ಲ, ಒಬ್ಬಾಕೆ ಹೆಂಗೆ ಹೋಗ್ಲಿ? ಇದೊಂದಾದ್ರೂ ನಾನು ಕರೀತೀನಿ. ನನ್ನ ಮಗಳು ಕರೆಯದೇ ಬಂದ್ಲು ಅಂತ ಆಗಬಾರದು” ಅಂದಳು. ಅವತ್ತಿನಿಂದ ನಾನು ಒತ್ತಿದಾಗಲೆಲ್ಲ ಅವಳು ಒತ್ತೋದಷ್ಟೇ ಅಲ್ಲ, ಬಾಯಲ್ಲೂ “ಬಾರವ್ವಾ” ಅನ್ನೋಳು.

ಆಷಾಢದ ಕೊನೆಗೆ ತಂಗಿ ಇನ್ನೊಂದು ಬದಲಾವಣೆ ಮಾಡಿದಳು. ನೀನು ಒತ್ತಿದಾಗ ಬರೋ ಟಿಂಗ್ ಅನ್ನೋ ಸದ್ದು ಅವ್ವನಿಗೆ ಗೊತ್ತಾಗುತ್ತಿಲ್ಲ, ನಿನ್ನ ದನಿಯನ್ನೇ ಹಾಕುತ್ತೀನಿ ಅಂದಳು. “ಅವ್ವಾ, ಬರ್ಲಾ?” ಅಂತ ನನ್ನ ಕೈಲಿ ಹೇಳಿಸಿ ರೆಕಾರ್ಡ್ ಮಾಡಿಕೊಂಡಳು. ಆಮೇಲೆ ನಾನು ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಅವ್ವನ ಮಡಿಲಲ್ಲಿ ನನ್ನ ದನಿ ಕೇಳುತ್ತಿತ್ತು. ಆ ಹೊತ್ತಿಗೆ ಅವ್ವ ನನ್ನ ಹಸಿರು ಅಂಗಿಗೆ ಬೈಯೋದು ಬಿಟ್ಟಿದ್ದಳು. ಬೇಕಂತಲೇ ಕೆಂಪು ಅಂಗಿ ಹಾಕಿಸಿಕೊಂಡು ಹೋದೆ, ಅದಕ್ಕೂ ಏನೂ ಅನ್ನಲಿಲ್ಲ. ರೂಢಿಯಾಗಿರಬೇಕು ಅಂದುಕೊಂಡೆ.

ಅತ್ತೆಗೆ ಇದು ಗೊತ್ತಾಗದೇ ಇರುತ್ತದಾ? ಒಂದು ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಬಂದು ನಿಂತು, “ಏನೇ ಅದು, ದಿನಾ ಕಲ್ಲಿನ ಮೇಲೆ ಕುಂತು ಗುಣುಗುಣು?” ಅಂದರು. ನನಗೆ ರೇಗಿತು. “ನೀವೇ ಹೇಳಿದ್ರಲ್ಲ, ಮೊಬೈಲ್‌ನಾಗೆ ಹೋಗಿ ಬಾ ಅಂತ. ಹೋಗ್ತಾ ಇದೀನಿ” ಅಂದೆ. ಬೈಯುತ್ತಾರೆ ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ ತಯಾರಾದೆ. ಅವರು ಬಗ್ಗಿ ಪರದೆ ನೋಡಿದರು, ನೀಲಿ ಗೇಟು ನೋಡಿದರು, “ಹೂಂ” ಅಂದು ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಪಂಚಮಿ ಬಂತು. ಹೆಣ್ಣುಮಕ್ಕಳನ್ನು ತವರಿಗೆ ಕರೆಯೋ ಹಬ್ಬ. ಅಣ್ಣ ಬರಲಿಲ್ಲ. ಬರುತ್ತಾನೆ ಅಂತ ನಾನು ಬೆಳಗಿನಿಂದ ಅಂಗಡಿ ಕಡೆಗೇ ಕಿವಿ ಇಟ್ಟುಕೊಂಡಿದ್ದೆ, ಬಂದವರೆಲ್ಲ ಗೊಬ್ಬರ ಕೇಳಿದರು.

ನನ್ನ ನಾದಿನಿಯನ್ನು ಚನ್ನಗಿರಿಗೆ ಕೊಟ್ಟಿದೆ, ಅಡಿಕೆ ವ್ಯಾಪಾರಸ್ಥರ ಮನೆ. ನಮ್ಮನೆಯವರಿಗೆ ಅಂಗಡಿ ಬಿಡೋಕೆ ಆಗಲಿಲ್ಲ ಅಂತ ಅತ್ತೆ ತಾವೇ ಕುಂಕುಮದ ಬಟ್ಟಲು, ಕುಪ್ಪಸದ ಖಣ, ಒಂದು ಡಬ್ಬಿ ತುಂಬ ಶೇಂಗಾ ಉಂಡಿ ಹಿಡಿದುಕೊಂಡು ಮಗಳನ್ನು ಕರೆಯೋಕೆ ಹೋದರು. ಮಗಳಿಗೆ ಅಂತ ಮಂಚದ ಹಾಸಿಗೆ ಬೇರೆ ಬದಲಾಯಿಸಿಟ್ಟು ಹೋಗಿದ್ದರು. ಸಂಜೆ ಒಬ್ಬರೇ ಬಂದರು. ಉಂಡಿ ಡಬ್ಬಿ ಹೋದ ಹಂಗೇ ವಾಪಸ್ ಬಂದಿತ್ತು.

“ಯಾಕ್ರೀ ಅತ್ತೆ, ಎಲ್ಲಿ ಅವಳು?” ಅಂದೆ. ಕಾಲು ತೊಳೆಯಲಿಲ್ಲ, ನೀರು ಕುಡಿಯಲಿಲ್ಲ, ಗೊಬ್ಬರದ ಚೀಲದ ಮೇಲೆ ಕೂತುಬಿಟ್ಟರು. ಆಮೇಲೆ ಬಾಯಿ ಬಿಟ್ಟರು. ಅಲ್ಲಿನ ಬೀಗಿತಿ ಕುಂಕುಮ ಹಚ್ಚಿಸಿಕೊಂಡು, ಕಾಫಿ ಕೊಟ್ಟು, ಎಲ್ಲ ಮರ್ಯಾದೆ ಮಾಡಿ ಕೊನೆಗೆ ಕೇಳಿದಳಂತೆ, “ನಿಮ್ಮ ಸೊಸೆನ ಈ ವರ್ಷ ತವರಿಗೆ ಕಳಿಸೀರೇನು? ಇಲ್ಲ, ಹೌದಲ್ರೀ? ಮತ್ತೆ ನಾವ್ಯಾಕೆ ನಮ್ಮ ಸೊಸೆನ ಕಳಿಸಾನ?” ಅಂತ. ನಾದಿನಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳಂತೆ, ಈಚೆ ಬರಲಿಲ್ಲವಂತೆ. ಅತ್ತೆ ಬಸ್ಸಿನಲ್ಲಿ ಚನ್ನಗಿರಿಯಿಂದ ಹೊನ್ನಾಳಿವರೆಗೆ ಅತ್ತಿದ್ದರು ಅಂತ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಒಳಗೊಳಗೇ ಖುಷಿಯಾಗಬೇಕಿತ್ತು. ಆಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಬಹಳ ಹೊತ್ತು ಉಳಿಯಲಿಲ್ಲ.

ಅತ್ತೆ ನನ್ನ ಮುಖ ನೋಡದೇ ಕೇಳಿದರು. “ನಿನ್ನ ಮೊಬೈಲು ಚನ್ನಗಿರಿಗೂ ಹೋಗತೈತೇನು?”

“ಅಲ್ಲಿಂದ ಯಾರಾದ್ರೂ ‘ಬಾ’ ಅಂತ ಒತ್ತಬೇಕು ಅತ್ತೆ” ಅಂದೆ.

“ಒತ್ತೋರು ಇರಬೇಕು ಅನ್ನು” ಅಂದರು. ಆಮೇಲೆ ಎದ್ದು ಹೋಗಿ, ಮಗಳಿಗೆ ಅಂತ ಹಾಸಿದ್ದ ಹಾಸಿಗೆಯ ಮೇಲೆ ತಾವೇ ಮಲಗಿದರು.

ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಅತ್ತೆ ಬಂದು ಉಂಡಿ ಡಬ್ಬಿಯನ್ನು ಒಲೆ ಪಕ್ಕ ಇಟ್ಟರು. “ಇದು ಇಟ್ರೆ ಕಮಟು ಹಿಡೀತೈತೆ. ನಿಮ್ಮವ್ವಗೆ ಕೊಡು” ಅಂದರು. ನನಗೆ ಅರ್ಥವಾಗಲಿಲ್ಲ. “ಹೆಂಗೆ ಕೊಡ್ಲಿ?” ಅಂದೆ.

“ದಿನಾ ಹೆಂಗೆ ಹೋಗ್ತೀಯೋ ಹಂಗೇ ಹೋಗು. ಕರೆಯದ ಮನೆಗೆ ಸೊಸೆನ ಕಳಿಸ್ದೆ ಅಂತ ನಾನು ಯಾರಿಗೂ ಹೇಳಾಕಿಲ್ಲ. ಕೇಳಿದೋರಿಗೆ, ಮೊಬೈಲ್‌ನಾಗೆ ಹೋಗ್ಯಾಳೆ ಅಂತೀನಿ. ಏನು, ಸುಳ್ಳೇನು?”

ನಾನು ಸೌಟು ಹಿಡಿದು ನಿಂತೇ ಇದ್ದೆ. ಹಂಚಿನ ಮೇಲಿನ ದೋಸೆ ಸೀದು ಕರಕಲಾಯಿತು. “ಬಾಯಿ ತೆಕ್ಕಂಡು ನಿಂತ್ರೆ ಹೊನ್ನಾಳಿ ಬಸ್ಸು ನಿನಗೋಸ್ಕರ ನಿಲ್ಲತೈತೇನು?” ಅಂತ ಗದರಿ ಸೌಟು ಕಿತ್ತುಕೊಂಡರು. ಅವ್ವನಿಗೆ ಸಕ್ಕರೆ ಕಾಯಿಲೆ, ಬೆಲ್ಲದ ಉಂಡಿ ಮುಟ್ಟೋ ಹಾಗಿಲ್ಲ ಅನ್ನೋದು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅಂಗಡಿಯೊಳಗಿಂದ ಹೋಗುವಾಗ ಬೆಂಚಿನ ಮೇಲಿನವರು, “ಎಲ್ಲಿಗೆ ಹೊಂಟ್ರಿ ಅಕ್ಕಾರೇ?” ಅಂದರು. ನಮ್ಮನೆಯವರು ಪೈಪಿನ ತೂತಿನೊಳಗೆ ಕಣ್ಣಿಟ್ಟು ಏನೋ ಹುಡುಕುತ್ತಿದ್ದರು. “ಊರಿಗೆ” ಅಂದೆ. ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸಿ ಹೊಳೆಯ ಸೇತುವೆ ದಾಟುವಾಗ ಯಾರೋ ಹಿಂದಿನಿಂದ ಕೂಗಿ ಇಳಿಸಿಬಿಡುತ್ತಾರೆ ಅನ್ನಿಸಿ ಡಬ್ಬಿಯನ್ನು ಎದೆಗವಚಿಕೊಂಡು ಕೂತೆ. ದಾವಣಗೆರೆಯಲ್ಲಿ ಜಗಳೂರಿನ ಬಸ್ಸಿನ ಬೋರ್ಡು ಕಂಡ ಮೇಲೇ ನನಗೆ ಸರಿಯಾಗಿ ಉಸಿರು ಬಂದದ್ದು. ತಂಗಿಗೂ ಹೇಳಲಿಲ್ಲ. ಅವ್ವ ನನ್ನ ಮುಖ ನೋಡಿ ಏನಂತಾಳೆ ಅಂತ ದಾರಿಯುದ್ದಕ್ಕೂ ಅದೇ ಯೋಚನೆ. ಖಂಡಿತ ಸೊರಗಿದ್ದೀಯಾ ಅಂತಾಳೆ. ಸೊರಗಿಲ್ಲ ನಾನು, ದಪ್ಪಗಾಗಿದ್ದೇನೆ.

ನೀಲಿ ಗೇಟು ಹಂಗೇ ಇತ್ತು. ತುಳಸಿಕಟ್ಟೆ ಇದ್ದಲ್ಲೇ ಇತ್ತು. ಕಾಣದ ಮನೆಗೆ ಬಂದರೂ ಯಾರನ್ನೂ ದಾರಿ ಕೇಳಬೇಕಾಗಲಿಲ್ಲ. ಬಾಗಿಲು ತೆರೆದಿತ್ತು. ಅಣ್ಣನ ಗಾಡಿ ಇರಲಿಲ್ಲ, ತಂಗಿ ಸೆಂಟರಿಗೆ ಹೋಗಿರೋ ಹೊತ್ತು. ಪಡಸಾಲೆಯ ಕುರ್ಚಿಯಲ್ಲಿ ಅವ್ವ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಮಡಿಲಲ್ಲಿ ಫೋನು. ನಾನು ಹೊಸ್ತಿಲ ಹತ್ತಿರ ಬಂದು ನಕ್ಕೆ. ಅವಳು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಾಳೆ ಅನ್ನಿಸುತ್ತಿತ್ತು, ಆದರೆ ನಾನು ಪಕ್ಕಕ್ಕೆ ಸರಿದರೆ ಕಣ್ಣು ನನ್ನ ಜೊತೆ ಸರಿಯಲಿಲ್ಲ. ನಾನು ಎದುರಿಗೆ ಕೈ ಆಡಿಸಿದೆ. ಹೊರಗಡೆ ಯಾವುದೋ ಗಾಡಿ ಹೋಯಿತು, ಅವಳು ಆ ಸದ್ದಿನ ಕಡೆ ತಲೆ ತಿರುಗಿಸಿದಳು.

ಆಗ ಗೊತ್ತಾಯಿತು, ತಂಗಿ ಯಾಕೆ ನನ್ನ ದನಿ ಹಾಕಿಸಿಕೊಂಡಳು, ಅವ್ವ ಯಾಕೆ ಅಂಗಿಗೆ ಬೈಯೋದು ಬಿಟ್ಟಳು ಅಂತ. ಇಬ್ಬರೂ ಸೇರಿ ನನ್ನಿಂದ ಮುಚ್ಚಿಟ್ಟಿದ್ದರು. ಇಷ್ಟು ದಿನ ನನ್ನ ಗೊಂಬೆ ಅವಳ ಪಕ್ಕ ನಿಂತಿದ್ದಾಗ ಅವಳಿಗೆ ಅದೂ ಕಾಣುತ್ತಿರಲಿಲ್ಲ. ನನಗೆ ಅಣ್ಣನ ಮೇಲೆ, ಅತ್ತೆ ಮೇಲೆ, ಆ ಕುಂಕುಮದ ಬಟ್ಟಲಿನ ಮೇಲೆ ಎಂಥಾ ಸಿಟ್ಟು ಬಂತೆಂದರೆ, ಡಬ್ಬಿ ಎತ್ತಿ ಗೋಡೆಗೆ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ಗಂಟಲಿನಿಂದ ಹೊರಟದ್ದು ದಿನಾ ಬೆರಳಿಂದ ಒತ್ತಿ ರೂಢಿಯಾಗಿದ್ದ ಮಾತು ಮಾತ್ರ.

“ಅವ್ವಾ, ಬರ್ಲಾ?”

ಅವಳ ಮುಖ ಅರಳಿತು. ನನ್ನ ಕಡೆ ತಿರುಗಲಿಲ್ಲ. ಎರಡೂ ಕೈಯಲ್ಲಿ ಮಡಿಲು ತಡಕಿ ಫೋನು ಹಿಡಿದಳು, ಹೆಬ್ಬೆರಳಿನಿಂದ ಅದರ ಅಂಚು ಸವರುತ್ತಾ ಬಲಗಡೆ ಕೆಳಗಿನ ಮೂಲೆಗೆ ಬಂದಳು, ಒತ್ತಿದಳು. “ಬಾರವ್ವಾ” ಅಂದಳು ಫೋನಿಗೆ.

ಸ್ವಲ್ಪ ಕಾದಳು. ಒತ್ತಿದ್ದು ತಪ್ಪಿತೇನೋ ಅಂತ ಗಾಬರಿಯಾಗಿ ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ನಾನು ಹೊಸ್ತಿಲ ಮೇಲೆ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ.

“ಒತ್ತೀನಲ್ಲೇ, ನಿಮಿಷ ಆಗಿಬಿಡತೈತೆ, ಬೇಗ ಬಾ” ಅಂದಳು ಅವ್ವ.